ಎದುರುಬದುರು ಎರಡು ಹೋಟೆಲುಗಳು

ಒಂದು ಬೀದಿ. ಅದರ ಎರಡು ಬದಿಗಳಲ್ಲಿ ಒಂದಕ್ಕೊಂದು ಮುಖ ಮಾಡಿ ನಿಂತ ಎರಡು ಭಾರತೀಯ ಹೋಟೆಲುಗಳು. ಈಚೆಯ ಹೋಟೆಲಿನ ಮಾಲೀಕ ಸೂಟು ತೊಟ್ಟ, ಮಾತು ಬಲ್ಲ, ಸ್ವಲ್ಪ ಗತ್ತಿನ ಮನುಷ್ಯ. ಆಚೆಯವನ ಮೇಲೆ ಅವನಿಗೆ ಸದಾ ಒಂದು ಕಣ್ಣು. ಜೊತೆಗೆ ಯಾರಿಗೂ ಬಗ್ಗದ ಒಬ್ಬ ಮುದುಕಿ. ನನ್ನಲ್ಲಿ ಉಳಿದದ್ದು ಇಷ್ಟೇ. ಜಗಳ ಯಾವುದರ ಬಗ್ಗೆ, ಕೊನೆಗೆ ಯಾರ ಕೈ ಮೇಲಾಯಿತು, ಒಂದೂ ನೆನಪಿಲ್ಲ. ಹೆಸರಂತೂ ಅಳಿಸಿಯೇ ಹೋಗಿತ್ತು. ಆದರೆ ಅದು ಬ್ರಿಟನ್ನಿನ ಟಿವಿಯಲ್ಲಿ ಬಂದ ಹಾಸ್ಯ ಧಾರಾವಾಹಿ ಎಂಬುದರಲ್ಲಿ, ಅದನ್ನು ಮನೆಮಂದಿಯೆಲ್ಲ ಕೂತು ನೋಡಿದ್ದೆವು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಅಪ್ಪ ಮೈಸೂರಿನಲ್ಲಿ ವೈದ್ಯಕೀಯ ಓದಿ, 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋದವರು. ಯಾರ್ಕ್‌ಷೈರಿನ ಒಂದು ಊರು, ಅಲ್ಲಿನ ಆಸ್ಪತ್ರೆ, ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸ್. ಆ ಕಾಲದಲ್ಲಿ ಅಲ್ಲಿ ಅನೇಕರು ಮಾಡುತ್ತಿದ್ದಂತೆ ನಾವೂ ಟಿವಿಯನ್ನು ಅಂಗಡಿಯಿಂದ ಬಾಡಿಗೆಗೆ ತಂದಿದ್ದೆವು. ಇದ್ದದ್ದು ನಾಲ್ಕೇ ಚಾನೆಲ್: ಬಿಬಿಸಿಯ ಎರಡು, ಐಟಿವಿ, ಮತ್ತು 1982ರ ನವೆಂಬರಿನಲ್ಲಿ ಶುರುವಾದ ಚಾನೆಲ್ ಫೋರ್. 1980ರ ದಶಕ ಮುಗಿಯುವ ಮೊದಲೇ ನಾವು ಮೈಸೂರಿಗೆ ಮರಳಿದೆವು. ಹಾಗಾಗಿ ಆ ಧಾರಾವಾಹಿಯನ್ನು ನಾನು ನೋಡಿರಬಹುದಾದ ಅವಧಿಗೆ ಎರಡೂ ಕಡೆ ಬೇಲಿ ಇತ್ತು. ಹುಡುಕಾಟಕ್ಕೆ ಮೊದಲ ಆಧಾರ ಅದೇ ಆಯಿತು.

ಈ ಬಗೆಯ ಧಾರಾವಾಹಿಗಳು ನೆನಪಿನಲ್ಲಿ ಉಳಿಯುವ ಕ್ರಮವೇ ಬೇರೆ. ಕಥೆ ಕರಗಿಹೋಗುತ್ತದೆ, ಕಥೆ ನಡೆದ ಜಾಗ ಉಳಿಯುತ್ತದೆ. 'ಫಾಲ್ಟಿ ಟವರ್ಸ್' ನೋಡಿದವರಿಗೆ ಒಂದೊಂದು ಕಂತಿನ ಕಥೆ ಹೇಳಲು ಬರಲಿಕ್ಕಿಲ್ಲ, ಆದರೆ ಆ ಹೋಟೆಲಿನ ಸ್ವಾಗತದ ಕಟ್ಟೆ, ಅಲ್ಲಿ ಎಗರಾಡುವ ಉದ್ದ ಕಾಲಿನ ಮಾಲೀಕ ಕಣ್ಣಿಗೆ ಕಟ್ಟಿರುತ್ತಾರೆ. 'ರೆಜಿನಾಲ್ಡ್ ಪೆರಿನ್' ನೋಡಿದವರಿಗೆ ಸಮುದ್ರದ ದಂಡೆಯಲ್ಲಿ ಬಟ್ಟೆ ಕಳಚಿಟ್ಟು ಹೋದ ಮನುಷ್ಯ ನೆನಪಿರುತ್ತಾನೆ. ವಾರವಾರವೂ ಅದೇ ಮನೆ, ಅದೇ ಬಾಗಿಲು, ಅದೇ ಇಬ್ಬರ ತಿಕ್ಕಾಟ ಎದುರಿಗೆ ಬರುವುದರಿಂದ ಮನಸ್ಸು ಜಾಗವನ್ನು ಹಿಡಿದಿಟ್ಟುಕೊಂಡು ಪ್ರಸಂಗವನ್ನು ಬಿಟ್ಟುಬಿಡುತ್ತದೆ. ಅದರ ಮೇಲೆ ಬ್ರಿಟಿಷ್ ಪದ್ಧತಿಯಲ್ಲಿ ಒಂದು ಸರಣಿಗೆ ಆರೇಳು ಕಂತು ಮಾತ್ರ. ಎರಡು ಸರಣಿಗೆ ನಿಂತುಹೋದರೆ ಅದರ ಇಡೀ ಆಯುಷ್ಯ ಆರೇಳು ತಾಸಿನದು. ಮರುಪ್ರಸಾರವಾದವು ಎಲ್ಲರ ನೆನಪಾಗಿ ಬೆಳೆಯುತ್ತವೆ. ಉಳಿದವು ಒಂದೊಂದು ಮನೆಯಲ್ಲಿ ಒಂದೊಂದು ಚೂರಾಗಿ ಬಿದ್ದಿರುತ್ತವೆ.

ನಮ್ಮ ಮನೆಯ ಚೂರುಗಳನ್ನು ಮೊದಲು ಒಟ್ಟುಮಾಡಿದೆ. ಅಮ್ಮನನ್ನು ಕೇಳಿದಾಗ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಅದೇ, ಸರದಾರ ಮತ್ತು ಪಾಕಿಸ್ತಾನದವನು ಜಗಳ ಆಡುತ್ತಿದ್ದರಲ್ಲ, ಇಂಗ್ಲಿಷ್ ಕಲಿಯುವ ಕ್ಲಾಸಿನಲ್ಲಿ" ಎಂದರು. ಅಕ್ಕ ಈಗ ಲೆಸ್ಟರಿನಲ್ಲಿದ್ದಾಳೆ. ಅವಳಿಗೆ ಹೋಟೆಲು ಚೆನ್ನಾಗಿ ನೆನಪಿದೆ, ಬೋರ್ಡಿನ ಮೇಲೆ 'ಜ್ಯುವೆಲ್' ಎಂದೇನೋ ಇತ್ತು ಎನ್ನುತ್ತಾಳೆ. ಜೊತೆಗೆ, ಸೋಫಾದ ಮೇಲೆ ಕೂತು ಬಂದವರನ್ನೆಲ್ಲ ಛೇಡಿಸುವ ಅಜ್ಜಿಯೂ ಅದರಲ್ಲೇ ಇದ್ದಳು ಎಂದು ಹಟ ಹಿಡಿಯುತ್ತಾಳೆ. ಅಪ್ಪ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, "ಎದುರಿನ ಹೋಟೆಲಿನ ಹೆಸರಿನಲ್ಲಿ ಪೆವಿಲಿಯನ್ ಅಂತ ಇತ್ತು. ಕ್ರಿಕೆಟ್ ಮೈದಾನದ ಹೆಸರನ್ನು ಹೋಟೆಲಿಗೆ ಯಾಕೆ ಇಟ್ಟರು ಎಂದು ಆಗ ಯೋಚಿಸಿದ್ದೆ" ಎಂದರು.

ಅಮ್ಮ ಹೇಳಿದ್ದನ್ನು ಗುರುತಿಸುವುದು ಕಷ್ಟವಲ್ಲ. ಅದು 'ಮೈಂಡ್ ಯುವರ್ ಲ್ಯಾಂಗ್ವೇಜ್'. 1977ರ ಕೊನೆಯಲ್ಲಿ ಶುರುವಾಗಿ 1979ರವರೆಗೆ ಐಟಿವಿಯಲ್ಲಿ ಬಂದು, 1986ರಲ್ಲಿ ಮತ್ತೆ ಸ್ವಲ್ಪ ಕಾಲ ಕಾಣಿಸಿಕೊಂಡದ್ದು. ಲಂಡನ್ನಿನ ಸಂಜೆ ತರಗತಿಯೊಂದರಲ್ಲಿ ಜಪಾನ್, ಇಟಲಿ, ಗ್ರೀಸ್, ಫ್ರಾನ್ಸ್, ಭಾರತ, ಪಾಕಿಸ್ತಾನದವರೆಲ್ಲ ಇಂಗ್ಲಿಷ್ ಕಲಿಯುತ್ತಾರೆ. ಮೇಷ್ಟ್ರಾಗಿ ಬ್ಯಾರಿ ಇವಾನ್ಸ್. ಮಾತುಮಾತಿಗೆ ಸಾವಿರ ಕ್ಷಮೆ ಕೇಳುವ ರಣಜೀತ್ ಸಿಂಗನಾಗಿ ಶ್ರೀಲಂಕಾ ಮೂಲದ ಆಲ್ಬರ್ಟ್ ಮೋಸೆಸ್, ಅಲಿಯಾಗಿ ಢಾಕಾದಲ್ಲಿ ಹುಟ್ಟಿದ ಡಿನೋ ಶಫೀಕ್. ಕ್ಲಾಸಿನಲ್ಲಿ ಹೆಣೆಯುತ್ತಾ ಕೂರುವ ಜಮೀಲಾ. ಇದನ್ನು ನಿಲ್ಲಿಸಿದ್ದು ಅದನ್ನು ತಯಾರಿಸಿದ ಲಂಡನ್ ವೀಕೆಂಡ್ ಟೆಲಿವಿಷನ್ನಿನ ಮೈಕೆಲ್ ಗ್ರೇಡ್. ಅದು ಪರದೇಶದವರನ್ನು ಜನಾಂಗದ ಅಚ್ಚಿಗೆ ಹಾಕಿ ಹಂಗಿಸುತ್ತದೆ ಎಂಬುದು ಅವರ ಕಾರಣ. ಅಷ್ಟಾದರೂ ಅದು ನಮ್ಮ ದೇಶವೂ ಸೇರಿ ಎಷ್ಟೋ ಕಡೆ ಮತ್ತೆಮತ್ತೆ ಓಡಿತು. ಅಮ್ಮನ ನೆನಪಿನಲ್ಲಿ ಅದು ಉಳಿದ ಕಾರಣವೂ ಅದೇ. ಇಂಗ್ಲೆಂಡಿನಲ್ಲಿ ನೋಡಿದ್ದು ಯಾವುದು, ಊರಿಗೆ ಬಂದ ಮೇಲೆ ನೋಡಿದ್ದು ಯಾವುದು ಎಂಬ ಗೆರೆ ಅವರಲ್ಲಿ ಅಳಿಸಿದೆ. ಆದರೆ ಅಲ್ಲಿ ಹೋಟೆಲಿಲ್ಲ, ಬೀದಿಯಿಲ್ಲ. ಅದನ್ನು ಪಕ್ಕಕ್ಕಿಟ್ಟೆ.

ಅಕ್ಕನ ಸೋಫಾ ಅಜ್ಜಿ 'ದ ಕುಮಾರ್ಸ್ ಅಟ್ ನಂಬರ್ 42'ರವಳು. ಅದು ಬಂದದ್ದು 2001ರಲ್ಲಿ. ಆ ಅಜ್ಜಿಯ ಪಾತ್ರ ಮಾಡಿದ ಮೀರಾ ಸ್ಯಾಲ್ ಆಗ ಇನ್ನೂ ನಲವತ್ತರ ಹೊಸ್ತಿಲಲ್ಲಿದ್ದರು. ನಾವು ಆ ಹೊತ್ತಿಗೆ ಮೈಸೂರಿಗೆ ಬಂದು ಹತ್ತು ವರ್ಷ ದಾಟಿತ್ತು, ಅಕ್ಕ ಅದನ್ನು ನೋಡಿದ್ದು ಮದುವೆಯಾಗಿ ಮತ್ತೆ ಇಂಗ್ಲೆಂಡಿಗೆ ಹೋದ ಮೇಲೆ. ನನ್ನ ನೆನಪಿಗೂ ಇಂಥದೇ ಬೆರಕೆಯ ಅಪಾಯವಿತ್ತು. ಲಂಡನ್ನಿನ ಭಾರತೀಯ ಹೋಟೆಲು, ಗಟ್ಟಿ ಮಾತಿನ ಮುದುಕಿ, ಇವೆರಡೂ 2007ರ 'ಚೀನೀ ಕಮ್' ಚಿತ್ರದಲ್ಲಿವೆ. ಅಮಿತಾಭ್ ಬಚ್ಚನ್ ಅಲ್ಲಿ ಹೋಟೆಲಿನ ಬಾಣಸಿಗ, ತಾಯಿ ಜೊಹ್ರಾ ಸೆಹಗಲ್. 'ಗುಡ್‌ನೆಸ್ ಗ್ರೇಶಿಯಸ್ ಮೀ'ಯಲ್ಲೂ ಹೋಟೆಲಿನ ಒಂದು ಹೆಸರಾಂತ ಪ್ರಸಂಗವಿದೆ. ಮುಂಬೈಯ ಗೆಳೆಯರ ಗುಂಪೊಂದು ಕುಡಿದು, ಇಂಗ್ಲಿಷ್ ಊಟದ ಹೋಟೆಲಿಗೆ ನುಗ್ಗಿ, ಮಾಣಿಯ ಹೆಸರನ್ನು ತಿರುಚಿ, ಮೆನುವಿನಲ್ಲಿ ಎಲ್ಲಕ್ಕಿಂತ ಸಪ್ಪೆ ಯಾವುದಿದೆಯೋ ಅದನ್ನೇ ಕೊಡು ಎಂದು ಕೂಗಾಡುವುದು. ಬ್ರಿಟನ್ನಿನ ಕರಿ ಹೋಟೆಲುಗಳಲ್ಲಿ ಶುಕ್ರವಾರ ರಾತ್ರಿ ನಡೆಯುವುದನ್ನೇ ಮಗುಚಿ ತೋರಿಸಿದ ಆ ಪ್ರಸಂಗ ನನಗೆ ಬಹಳ ಇಷ್ಟ. ಆದರೆ ಅದು ಟಿವಿಗೆ ಬಂದದ್ದು 1998ರಲ್ಲಿ. ನನ್ನ ನೆನಪಿನ ಬೇಲಿಯಿಂದ ಎಲ್ಲವೂ ಹೊರಗೆ.

ಹೆಸರು ಗೊತ್ತಿಲ್ಲದ್ದನ್ನು ದಾಖಲೆಗಳಲ್ಲಿ ಹುಡುಕುವಾಗ ಎದುರಾಗುವ ತೊಡಕು ಒಂದೇ. ದಾಖಲೆಗಳೆಲ್ಲ ಹೆಸರಿನ ಕ್ರಮದಲ್ಲಿರುತ್ತವೆ. ಬ್ರಿಟಿಷ್ ಟಿವಿ ಹಾಸ್ಯದ ಬಗ್ಗೆ ಮಾರ್ಕ್ ಲೂಯಿಸನ್ 1998ರಲ್ಲಿ ಹೊರತಂದ ದಪ್ಪ ಕೋಶ ಅಕಾರಾದಿಯಲ್ಲಿದೆ. ಗೊತ್ತಿರುವವರಿಗೆ ಅದು ನಿಧಿ. ಎದುರುಬದುರು ಎರಡು ಹೋಟೆಲು ಎಂಬ ಸುಳಿವನ್ನು ಹಿಡಿದು ಹೋದವರಿಗೆ ಯಾವ ಪುಟ ತೆರೆಯಬೇಕೆಂದೇ ತಿಳಿಯುವುದಿಲ್ಲ.

ಹಾಗಾಗಿ ಬಿಬಿಸಿಯ 'ಜೀನೋಮ್' ಕಡೆಗೆ ಹೋದೆ. 1923ರಿಂದ 2009ರವರೆಗೆ 'ರೇಡಿಯೊ ಟೈಮ್ಸ್' ವಾರಪತ್ರಿಕೆಯಲ್ಲಿ ಅಚ್ಚಾದ ಕಾರ್ಯಕ್ರಮಗಳ ಪಟ್ಟಿಯನ್ನು ಗಣಕಕ್ಕೆ ಏರಿಸಿ 2014ರಲ್ಲಿ ಎಲ್ಲರಿಗೂ ತೆರೆದಿಟ್ಟ ಸಂಗ್ರಹ ಅದು. ಯಾವ ದಿನ, ಎಷ್ಟು ಹೊತ್ತಿಗೆ, ಏನು ಬಂತು, ಪಾತ್ರವರ್ಗದಲ್ಲಿ ಯಾರಿದ್ದರು ಎಂಬುದರ ಜೊತೆ ಎರಡು ಸಾಲಿನ ವಿವರವೂ ಇರುವುದರಿಂದ ಪದ ಕೊಟ್ಟು ಹುಡುಕಬಹುದು. ಹೋಟೆಲು, ಭಾರತೀಯ, ಹಾಸ್ಯ, ಹೀಗೆ ಏನು ಕೊಟ್ಟರೂ ನನ್ನ ಬೀದಿ ಸಿಗಲಿಲ್ಲ. ಸಿಗದೇ ಇದ್ದದ್ದೇ ದೊಡ್ಡ ಸುಳಿವು. 1991ರ ಮಾರ್ಚ್‌ವರೆಗೆ ಬ್ರಿಟನ್ನಿನಲ್ಲಿ ಪತ್ರಿಕೆಗಳು ತಮ್ಮ ಪಾಲನ್ನು ಹಂಚಿಕೊಂಡಿದ್ದವು: 'ರೇಡಿಯೊ ಟೈಮ್ಸ್'ನಲ್ಲಿ ಬಿಬಿಸಿಯ ವಾರದ ಪಟ್ಟಿ ಮಾತ್ರ, ಐಟಿವಿ ಮತ್ತು ಚಾನೆಲ್ ಫೋರಿನದು 'ಟಿವಿ ಟೈಮ್ಸ್'ನಲ್ಲಿ. ಎರಡೂ ಬೇಕೆಂದವರು ಎರಡೂ ಪತ್ರಿಕೆ ಕೊಳ್ಳಬೇಕಿತ್ತು. ಅಂದರೆ 1980ರ ದಶಕದ ಧಾರಾವಾಹಿಯೊಂದು ಜೀನೋಮ್‌ನಲ್ಲಿ ಇಲ್ಲವೆಂದರೆ ಅದು ಬಿಬಿಸಿಯದಲ್ಲ. ನಾಲ್ಕು ಚಾನೆಲ್‌ಗಳು ಎರಡಕ್ಕೆ ಇಳಿದವು.

ಬೀಗ ತೆರೆದದ್ದು ಅಪ್ಪನ ಪೆವಿಲಿಯನ್. ಅಕ್ಕನ 'ಜ್ಯುವೆಲ್' ಪಕ್ಕದಲ್ಲಿ ಅದನ್ನು ಇಟ್ಟು ನೋಡಿದಾಗ ಎರಡೂ ಒಟ್ಟಿಗೆ ಅರ್ಥ ಕೊಟ್ಟವು. 'ದ ಜ್ಯುವೆಲ್ ಇನ್ ದ ಕ್ರೌನ್' ಮತ್ತು 'ದ ಫಾರ್ ಪೆವಿಲಿಯನ್ಸ್', ಎರಡೂ ಬ್ರಿಟಿಷ್ ಆಳ್ವಿಕೆಯ ಭಾರತದ ಬಗ್ಗೆ ಅದ್ದೂರಿಯಾಗಿ ತೆಗೆದ ಟಿವಿ ನಾಟಕಗಳು. ಎರಡೂ ಬ್ರಿಟನ್ನಿನಲ್ಲಿ ಪ್ರಸಾರವಾದದ್ದು 1984ರ ಜನವರಿಯಲ್ಲೇ. ಪಾಲ್ ಸ್ಕಾಟ್ ಮತ್ತು ಎಂ. ಎಂ. ಕೇ ಅವರ ಆ ಕಾದಂಬರಿಗಳು ಮೊದಲೇ ಇದ್ದವು, ನಿಜ. ಆದರೆ ಹಾಸ್ಯ ಧಾರಾವಾಹಿಯೊಂದರಲ್ಲಿ ಎದುರುಬದುರು ಹೋಟೆಲುಗಳಿಗೆ ಈ ಎರಡು ಹೆಸರನ್ನೂ ಇಡಬೇಕಾದರೆ ನೋಡುವ ಜನರಿಗೆ ಎರಡೂ ಒಟ್ಟಿಗೆ ಗೊತ್ತಿರಬೇಕು. ಆ ಗುರುತು ಹುಟ್ಟಿದ್ದು ಆ ಜನವರಿಯಲ್ಲಿ. ಹಾಗಾಗಿ ಇದು 1984ರ ನಂತರದ್ದು, ಬಿಬಿಸಿಯದಲ್ಲ, ಮತ್ತು ನಾವು ಊರಿಗೆ ಹೊರಡುವ ಮೊದಲಿನದು. ಇನ್ನು ಉಳಿದದ್ದು ಸೂಟಿನ ಮನುಷ್ಯ. ಆಗಿನ ಬ್ರಿಟಿಷ್ ಟಿವಿಯಲ್ಲಿ ಅಂಥ ಗತ್ತಿನ ಭಾರತೀಯನ ಪಾತ್ರಕ್ಕೆ ಮೊದಲು ನೆನಪಾಗುವ ಹೆಸರು ಸಯೀದ್ ಜಾಫ್ರಿ. ಅವರ ಪಾತ್ರಗಳ ಪಟ್ಟಿಯಲ್ಲಿ 1985ಕ್ಕೆ ಬಂದು ನಿಂತಾಗ ಹೆಸರು ಕಣ್ಣ ಮುಂದಿತ್ತು: 'ತಂದೂರಿ ನೈಟ್ಸ್'.

ಚಾನೆಲ್ ಫೋರ್, 1985, ಮತ್ತೆ 1987. ರಚನೆ ಪುಣೆಯಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿ, ಲಂಡನ್ನಿನ ಶಾಲೆಗಳಲ್ಲಿ ಪಾಠ ಹೇಳಿದ ಫರೂಖ್ ಧೋಂಡಿ ಅವರದು. 1984ರಿಂದ ಆ ಚಾನೆಲ್ಲಿನಲ್ಲಿ ಬಹುಸಂಸ್ಕೃತಿಯ ಕಾರ್ಯಕ್ರಮಗಳ ಹೊಣೆ ಹೊತ್ತವರೂ ಅವರೇ. 'ಜ್ಯುವೆಲ್ ಇನ್ ದ ಕ್ರೌನ್' ಹೋಟೆಲಿನ ಜಿಮ್ಮಿ ಶರ್ಮಾ ಆಗಿ ಸಯೀದ್ ಜಾಫ್ರಿ, ಎದುರಿನ 'ಫಾರ್ ಪೆವಿಲಿಯನ್ಸ್'ನ ರಶೀದ್ ಆಗಿ ತಾರಿಕ್ ಯೂನುಸ್. ಪಾತ್ರವರ್ಗದಲ್ಲಿ ಜೊಹ್ರಾ ಸೆಹಗಲ್ ಕೂಡ ಇದ್ದರು. ನನ್ನ ಮುದುಕಿ 'ಚೀನೀ ಕಮ್'ನಿಂದ ಹಿಂದಕ್ಕೆ ನುಸುಳಿ ಬಂದವಳಲ್ಲ, ಮೊದಲಿನಿಂದಲೂ ಅಲ್ಲೇ ಇದ್ದವಳು. 1912ರಲ್ಲಿ ಹುಟ್ಟಿದ ಜೊಹ್ರಾ ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು, ಹಿಂದಿ ಚಿತ್ರಗಳ ಅಜ್ಜಿಯಾಗಿ ಭಾರತದ ಮನೆಮನೆಗೆ ಅವರು ಪರಿಚಯವಾಗಲು ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲವಿತ್ತು.

ಹೋಟೆಲುಗಳ ಹೆಸರಿನ ಹಿಂದಿನ ತಮಾಷೆ ಎಷ್ಟು ಆಳದ್ದು ಎಂಬುದು ತಿಳಿದದ್ದು ಈಗಲೇ. 1980ರ ದಶಕದ ಆರಂಭದಲ್ಲಿ ಬ್ರಿಟನ್ನಿಗೆ ತನ್ನ ಹಳೆಯ ಸಾಮ್ರಾಜ್ಯದ ಹಂಬಲ ಜೋರಾಗಿ ಹಿಡಿದಿತ್ತು. 1982ರಲ್ಲಿ 'ಗಾಂಧಿ', 1984ರಲ್ಲಿ ಈ ಎರಡು ಟಿವಿ ನಾಟಕಗಳು, ಅದೇ ವರ್ಷ ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ'. ಕೊನೆಯದು ನಮ್ಮ ನೆಲದಲ್ಲೇ ಚಿತ್ರೀಕರಣವಾದದ್ದು. ಬೆಂಗಳೂರು ಅಲ್ಲಿ ಬಿಹಾರದ ಕಡೆಯ ಒಂದು ಕಲ್ಪಿತ ಊರಾಯಿತು, ಸಾವನದುರ್ಗದ ಬಂಡೆ ಗುಹೆಗಳ ಬೆಟ್ಟವಾಯಿತು. ಸಲ್ಮಾನ್ ರಶ್ದಿ 1984ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ಇಡೀ ಅಲೆಯನ್ನು ಕಟುವಾಗಿ ಟೀಕಿಸಿದರು. ಇನ್ನು ಸಯೀದ್ ಜಾಫ್ರಿ ಈ ನಾಲ್ಕರಲ್ಲೂ ಇದ್ದವರು: 'ಗಾಂಧಿ'ಯಲ್ಲಿ ಪಟೇಲ್, 'ಜ್ಯುವೆಲ್'ನಲ್ಲಿ ನವಾಬ, 'ಪೆವಿಲಿಯನ್ಸ್'ನಲ್ಲಿ ಬಿಜು ರಾಮ್, ಲೀನ್ ಚಿತ್ರದಲ್ಲಿ ಹಮೀದುಲ್ಲಾ. 'ಜ್ಯುವೆಲ್'ನ ಲೇಡಿ ಚಟರ್ಜಿ ಜೊಹ್ರಾ ಅವರೇ. ನವಾಬನ ವೇಷ ಕಳಚಿದ ಅದೇ ನಟ ಮರುವರ್ಷವೇ ಲಂಡನ್ನಿನಲ್ಲಿ ಅದೇ ಹೆಸರಿನ ಹೋಟೆಲಿನ ಮಾಲೀಕನಾಗಿ, ಗಿರಾಕಿಗಾಗಿ ಎದುರಿನವನೊಂದಿಗೆ ಕಾದಾಡುತ್ತಾನೆ. ಸಾಮ್ರಾಜ್ಯದ ಕನಸು ಕಾಣುತ್ತಿದ್ದ ಪ್ರೇಕ್ಷಕರಿಗೆ, ಆ ಸಾಮ್ರಾಜ್ಯದ ಮಕ್ಕಳು ಈಗ ನಿಮ್ಮ ಬೀದಿಯಲ್ಲೇ ಅಂಗಡಿ ಇಟ್ಟಿದ್ದಾರೆ ನೋಡಿ ಎಂದು ತೋರಿಸಿದ್ದು ಆ ಬೋರ್ಡುಗಳು. ಧೋಂಡಿ ಅವರ ಈ ಆಯ್ಕೆಯನ್ನು ನಾನು ಬಹಳ ಮೆಚ್ಚುತ್ತೇನೆ.

ಹೆಸರು ಸಿಕ್ಕಿದ ಮೇಲೆ ಇನ್ನೊಂದು ಪ್ರಶ್ನೆ ಉಳಿಯಿತು. ಆ ವರ್ಷಗಳಲ್ಲಿ ನೋಡಿದ್ದೆಲ್ಲ ಕರಗಿಹೋಗಿರುವಾಗ ಈ ಬೀದಿ ಮಾತ್ರ ನನ್ನಲ್ಲಿ ಯಾಕೆ ನಿಂತಿತು?

ನಮ್ಮ ಬಣ್ಣದವರು ಅಲ್ಲಿನ ಪರದೆಯ ಮೇಲೆ ಕಾಣುತ್ತಿದ್ದದ್ದೇ ಅಪರೂಪ. ನಾವು ಹೋಗುವ ಮೊದಲಿನಿಂದ ಬಿಬಿಸಿ ಭಾನುವಾರ ಬೆಳಿಗ್ಗೆ 'ನಯೀ ಜಿಂದಗಿ ನಯಾ ಜೀವನ್' ಎಂಬ ಕಾರ್ಯಕ್ರಮ ಕೊಡುತ್ತಿತ್ತು. ಅದರ ಹಿಂದೂಸ್ತಾನಿ ಅಮ್ಮನಿಗೆ ಅರ್ಧಂಬರ್ಧ ತಿಳಿಯುತ್ತಿತ್ತು, ಆದರೂ ತಪ್ಪದೆ ನೋಡುತ್ತಿದ್ದರು. ಹಾಸ್ಯದಲ್ಲಿ ನಮ್ಮವರು ಬಂದರೆ ಬರುತ್ತಿದ್ದದ್ದು ನಗಿಸಲು, ಅದೂ ಉಚ್ಚಾರದಿಂದ. 1974ರಿಂದ 1981ರವರೆಗೆ ಬಿಬಿಸಿಯಲ್ಲಿ ಬಂದ 'ಇಟ್ ಏಂಟ್ ಹಾಫ್ ಹಾಟ್ ಮಮ್'ನಲ್ಲಿ ರಂಗಿ ರಾಮ್ ಎಂಬ ಮುಖ್ಯ ಪಾತ್ರವನ್ನು ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಬಿಳಿಯ ನಟ ಮೈಕೆಲ್ ಬೇಟ್ಸ್ ಮಾಡಿದ್ದರು. ಅವರು ಹುಟ್ಟಿದ್ದು ಝಾನ್ಸಿಯಲ್ಲಿ, ಹಿಂದೂಸ್ತಾನಿ ಬಲ್ಲವರು, ಅದೆಲ್ಲ ನಿಜ. ಆದರೂ ಮರುದಿನ ಶಾಲೆಯ ಅಂಗಳದಲ್ಲಿ ಆ ತಲೆ ಅಲ್ಲಾಡಿಸುವಿಕೆ, ಆ ಮಾತಿನ ಧಾಟಿ ನನ್ನ ಮತ್ತು ಅಕ್ಕನ ಮೇಲೆ ತಿರುಗುತ್ತಿತ್ತು. ಅಮ್ಮ ಇವತ್ತಿಗೂ ನಕ್ಕು ನೆನೆಯುವ ಆ ಇಂಗ್ಲಿಷ್ ತರಗತಿಯ ನಗುವೂ ಶಾಲೆಗೆ ಹಾಗೇ ಬರುತ್ತಿತ್ತು. ಅಮ್ಮನಿಗೆ ಅದು ಗೊತ್ತಿರಲಿಲ್ಲ, ನಾವು ಹೇಳಿರಲಿಲ್ಲ.

ಎರಡು ಹೋಟೆಲುಗಳ ಬೀದಿಯಲ್ಲಿ ಜಗಳ ನಮ್ಮವರ ನಡುವಿನದು. ವ್ಯಾಪಾರದ ಹೊಟ್ಟೆಕಿಚ್ಚು, ಅಂತಸ್ತಿನ ಚಿಂತೆ, ಬೆಳೆದ ಮಕ್ಕಳ ಗೊಡವೆ. ಇಂಥ ಮಾತು ನಮ್ಮ ಮನೆಯಲ್ಲೂ ಬಂದವರ ಮನೆಯಲ್ಲೂ ದಿನವೂ ನಡೆಯುತ್ತಿತ್ತು. ಅಲ್ಲಿ ಗತ್ತಿನವನೂ ಭಾರತೀಯ, ಗತ್ತು ಮುರಿಯುವವನೂ ಉಪಖಂಡದವನೇ. ನಾವು ನಕ್ಕಾಗ ಆ ನಗುವಿನ ಮೊನೆ ನಮ್ಮ ಕಡೆಗೆ ತಿರುಗಿರಲಿಲ್ಲ. ಮಗುವಿಗೆ ಇದನ್ನು ವಿವರಿಸಿ ಹೇಳಲು ಬರುವುದಿಲ್ಲ, ಆದರೆ ಯಾವ ನಗುವಿನ ಮುಂದೆ ನಿರಾಳವಾಗಿ ಕೂರಬಹುದು ಎಂಬುದು ಮಗುವಿಗೂ ತಿಳಿಯುತ್ತದೆ. ಬೀದಿ ನನ್ನಲ್ಲಿ ಉಳಿದದ್ದು ಈ ಕಾರಣಕ್ಕೇ ಎಂದು ನಾನು ನಂಬುತ್ತೇನೆ.

ಹೋಟೆಲು ನಮ್ಮದಾಗಿದ್ದರೂ ಊಟ ನಮ್ಮದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಬ್ರಿಟನ್ನಿನ ಇಂಡಿಯನ್ ಹೋಟೆಲುಗಳನ್ನು ಬಹುಪಾಲು ನಡೆಸುತ್ತಿದ್ದವರು ಇಂದಿನ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಅಲ್ಲಿ ಮದ್ರಾಸ್ ಎಂದರೆ ಖಾರದ ಒಂದು ಅಳತೆ, ವಿಂದಾಲೂ ಎಂದರೆ ಅದಕ್ಕಿಂತ ಮೇಲಿನದು. ಊರಿನ ಅಂಥ ಒಂದು ಹೋಟೆಲಿಗೆ ಅಪ್ಪ ಒಮ್ಮೆ ಕರೆದುಕೊಂಡು ಹೋದಾಗ ಅಮ್ಮ ತಟ್ಟೆಯನ್ನು ನೋಡಿ, "ಇದು ಯಾರ ಮನೆಯ ಅಡುಗೆ?" ಎಂದು ಕೇಳಿದ್ದರು. ಸಾರು, ಹುಳಿ, ಗೊಜ್ಜು ಸಿಗುತ್ತಿದ್ದದ್ದು ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಮಾತ್ರ, ಅದಕ್ಕೆ ಬೇಕಾದ ಹುಣಸೆಹಣ್ಣು ಮತ್ತು ತೊಗರಿಬೇಳೆಗೆ ಬ್ರಾಡ್‌ಫರ್ಡ್‌ವರೆಗೆ ಹೋಗಬೇಕಿತ್ತು. ಕನ್ನಡದವರ ಸಂಸಾರ ಆ ಧಾರಾವಾಹಿಯಲ್ಲಿ ಇರಲಿಲ್ಲ, ಇನ್ನಾವುದರಲ್ಲೂ ಇರಲಿಲ್ಲ. ಅಮ್ಮ ಆ ಬೀದಿಯನ್ನು ಮರೆತದ್ದರಲ್ಲಿ ಇದರ ಪಾಲೂ ಇರಬಹುದು.

ಹಳೆಯ ಬ್ರಿಟಿಷ್ ಧಾರಾವಾಹಿಗಳು ಕಾಣೆಯಾಗಲು ಹೆಸರಾದ ಇನ್ನೊಂದು ಕಾರಣವೂ ಇದೆ. 1960 ಮತ್ತು 70ರ ದಶಕಗಳಲ್ಲಿ ವಿಡಿಯೊ ಟೇಪ್ ದುಬಾರಿಯಾಗಿತ್ತು, ನಟರ ಸಂಘದೊಂದಿಗಿನ ಒಪ್ಪಂದಗಳಿಂದಾಗಿ ಮರುಪ್ರಸಾರಕ್ಕೂ ಮಿತಿಯಿತ್ತು. ಹಾಗಾಗಿ ಪ್ರಸಾರ ಮುಗಿದ ಟೇಪನ್ನು ಅಳಿಸಿ ಮತ್ತೆ ಬಳಸುತ್ತಿದ್ದರು. ಅಷ್ಟು ಜನಪ್ರಿಯವಾದ 'ಡ್ಯಾಡ್ಸ್ ಆರ್ಮಿ'ಯ ಮೂರು ಕಂತುಗಳು ಇವತ್ತಿಗೂ ಸಿಕ್ಕಿಲ್ಲ. ಇಂಥವನ್ನು ಹುಡುಕಲು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1993ರಲ್ಲಿ ಒಂದು ಅಭಿಯಾನವನ್ನೇ ಆರಂಭಿಸಿತು. 1985ರ ಹೊತ್ತಿಗೆ ಬಿಬಿಸಿಯಲ್ಲಿ ಆ ಅಳಿಸುವ ಪದ್ಧತಿ ನಿಂತು ವರ್ಷಗಳಾಗಿದ್ದವು. ಆದರೆ ಟೇಪು ಉಳಿಯುವುದೇ ಬೇರೆ, ಜನರ ನೆನಪಿನಲ್ಲಿ ಉಳಿಯುವುದೇ ಬೇರೆ. ಹಂಗಿಸುವ ತರಗತಿ ದೇಶದೇಶಗಳಲ್ಲಿ ಮತ್ತೆಮತ್ತೆ ಓಡಿದ್ದರಿಂದ ಅಮ್ಮನ ನೆನಪಿನಲ್ಲಿ ಅದೇ ನಿಂತಿತು, ಹಂಗಿಸದ ಬೀದಿಯನ್ನು ಹೆಸರಿಲ್ಲದೆ ಹುಡುಕಬೇಕಾಯಿತು. ಇದು ನನ್ನನ್ನು ಈಗಲೂ ಕಾಡುತ್ತದೆ.

ಅಕ್ಕನಿಗೆ ಹೆಸರು ಹೇಳಿದಾಗ ಅವಳು ಫೋನಿನಲ್ಲೇ ಕೂಗಿದಳು. ಸೋಫಾದ ಅಜ್ಜಿಯನ್ನು ಮಾತ್ರ ಇನ್ನೂ ಬಿಟ್ಟುಕೊಟ್ಟಿಲ್ಲ. ಅಮ್ಮ "ಇರಬಹುದು" ಎಂದು ಸುಮ್ಮನಾದರು. ಅಪ್ಪ ತಮ್ಮದೂ ಒಂದು ಚೂರನ್ನು ಹೊರತೆಗೆದರು: ಆಸ್ಪತ್ರೆಯ ವಾರ್ಡು, ಹಾಸಿಗೆ ಬಿಟ್ಟು ಏಳದ ಮೂವರು ರೋಗಿಗಳು, ಒಬ್ಬ ಭಾರತೀಯ ನರ್ಸ್. ಇದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಾರ್ಕ್‌ಷೈರ್ ಟೆಲಿವಿಷನ್ ತಯಾರಿಸಿ 1979ರಿಂದ 1982ರವರೆಗೆ ಐಟಿವಿಯಲ್ಲಿ ಬಂದ 'ಓನ್ಲಿ ವೆನ್ ಐ ಲಾಫ್' ಅದು. ರೋಗಿಗಳು ಜೇಮ್ಸ್ ಬೋಲಮ್, ಪೀಟರ್ ಬೌಲ್ಸ್, ಕ್ರಿಸ್ಟೋಫರ್ ಸ್ಟ್ರೌಲಿ. ನರ್ಸ್ ಗುಪ್ತೆಯಾಗಿ ಮುಂಬೈಯಲ್ಲಿ ಹುಟ್ಟಿದ ಡೆರಿಕ್ ಬ್ರಾಂಚ್. ಹಿರಿಯ ವೈದ್ಯ ರಿಚರ್ಡ್ ವಿಲ್ಸನ್.

ಪಟ್ಟಿಯನ್ನು ಓದಿ ಹೇಳಿದಾಗ ಅಪ್ಪ ತಡೆದರು. "ವೈದ್ಯ ಯಾರು ಎಂದೆ?" ಮತ್ತೆ ಹೇಳಿದೆ. "ನಮ್ಮ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಇರುತ್ತಿದ್ದವರೆಲ್ಲ ನಾವೇ. ಮೈಸೂರಿನವರು, ದಾವಣಗೆರೆಯವರು, ಲಾಹೋರಿನವರು, ಕೊಲಂಬೊದವರು. ಅದನ್ನು ನೋಡುವಾಗಲೂ ನನಗೆ ಹಾಗೇ ಅನಿಸಿತ್ತು, ವಾರ್ಡಿನಲ್ಲಿ ಡಾಕ್ಟರುಗಳನ್ನು ತೋರಿಸಲೇ ಇಲ್ಲವಲ್ಲ ಎಂದು" ಎಂದರು. ಆಮೇಲೆ ಒಬ್ಬೊಬ್ಬರ ಹೆಸರು, ಊರು, ಯಾರು ಅಲ್ಲೇ ಉಳಿದರು, ಯಾರು ಹಿಂದಿರುಗಿದರು ಎಂದು ಹೇಳುತ್ತಾ ಹೋದರು. ನಾನು ಬರೆದುಕೊಳ್ಳಲು ಶುರುಮಾಡಿದ್ದೇನೆ.